ಗಿರಣಿ ಬೀದಿಯ ಇಪ್ಪತ್ತು ನಿಮಿಷ

ಬೆಳಗಿನ ಐದು ಗಂಟೆ. ನೀರು ಸರಬರಾಜು ಕಚೇರಿಯಲ್ಲಿ ಒಬ್ಬರೇ ಹೆಂಗಸು ಎರಡು ಪರದೆಗಳ ನಡುವೆ ಕತ್ತು ತಿರುಗಿಸುತ್ತ ಕೂತಿದ್ದಾರೆ. ಯಾವ ಬೀದಿಗೆ ಎಷ್ಟು ಹೊತ್ತು ನೀರು ಬಿಡಬೇಕೆಂಬ ಪಟ್ಟಿ ಎರಡರಲ್ಲೂ ಇದೆ. ಎಡಗಡೆಯದು ಇಪ್ಪತ್ತೆರಡು ವರ್ಷದ ಹಿಂದೆ ಅವರೇ ಪರ್ಲ್ ಭಾಷೆಯಲ್ಲಿ ಬರೆದ ಪ್ರೋಗ್ರಾಮಿನದು, ಬಲಗಡೆಯದು ಅದನ್ನೇ ಈಗ ಪೈಥಾನಿನಲ್ಲಿ ಬರೆದದ್ದರದು. ಮುನ್ನೂರ ಹನ್ನೆರಡು ಬೀದಿಗಳಲ್ಲಿ ಒಂದು ಬಿಟ್ಟು ಎಲ್ಲ ತಾಳೆಯಾಗುತ್ತವೆ. ಗಿರಣಿ ಬೀದಿಗೆ ಮಾತ್ರ ಹಳೆಯದು ಇಪ್ಪತ್ತು ನಿಮಿಷ ಹೆಚ್ಚು ಕೊಡುತ್ತಿದೆ.

"ಯಾಕೆ ಅಂತ ನಂಗೇ ಗೊತ್ತಿಲ್ಲ ನೋಡಿ!" ಎಂದು ನನ್ನತ್ತ ತಿರುಗಿ ತಲೆ ಕೆರೆದುಕೊಳ್ಳುತ್ತಾರೆ. ಹಳೆಯದನ್ನು ನಿಲ್ಲಿಸಲು ಸೋಮವಾರ ಅವರೇ ಸಹಿ ಹಾಕಬೇಕು.

ಕಚೇರಿಯಲ್ಲಿ ಇವರಿಗೆ ಪರ್ಲಕ್ಕ ಎಂದೇ ಹೆಸರು. ನಲ್ಲಿ ತಿರುಗಿಸುವ ನಾವ್ಯಾರೂ ಇವರನ್ನು ನೆನೆಯುವುದಿಲ್ಲ; ನೀರು ಬಾರದ ದಿನ ಬೈಯುವುದೂ ನೀರುಗಂಟಿಯನ್ನೇ. ಹಳೆಯದನ್ನು ಬರೆದ ಕಾಲಕ್ಕೆ ಪರ್ಲ್ ಎಂದರೆ ಇವರಿಗೆ ಪ್ರಾಣ. ಹತ್ತು ಸಾಲಿನ ಕೆಲಸವನ್ನು ಒಂದೇ ಸಾಲಿಗೆ ಇಳಿಸುವುದೇ ಜಂಬ. ಪಕ್ಕದಲ್ಲಿ ವಿವರಣೆ ಬರೆಯುವುದೇ? ಛೇ, ಅದು ದಡ್ಡರ ಕೆಲಸ! ಮಾಡಿದ್ದುಣ್ಣೋ ಮಹಾರಾಯ ಎನ್ನುವುದು ಇದಕ್ಕೇ. "ಡಾಲರ್ ಗುರುತು, ಕಂಸ, ಚುಕ್ಕಿ... ಬರೆದೋಳು ನಾನೇ, ಓದೋಕೆ ನಂಗೇ ಆಗ್ತಿಲ್ಲ."

ಹಾಗೆಂದು ಪೈಥಾನ್ ಮೇಲೂ ಮನಸ್ಸು ಪೂರ್ತಿ ಕೂತಿಲ್ಲ. "ಓದೋಕೆ ಸಲೀಸು, ನಿಜ. ಸಾಲು ಒಂಚೂರು ಆಚೀಚೆ ಸರಿದ್ರೆ ಮುನಿಸ್ಕೊಳ್ಳುತ್ತೆ. ಇಷ್ಟ ಆಗ್ತಿದೆ, ಆಗ್ತಿದೆಯಲ್ಲ ಅಂತ ಬೇಜಾರೂ ಆಗ್ತಿದೆ." ಇದೇ ಕಸುಬಿನ ಮಗಳು ಎರಡನ್ನೂ ಬಿಟ್ಟು ರಸ್ಟ್ ಎಂಬ ಇನ್ನೂ ಹೊಸ ಭಾಷೆ ಕಲಿ ಎನ್ನುತ್ತಾಳಂತೆ. "ಅಯ್ಯೋ, ಇವಳದ್ದು ಇನ್ನೊಂದು!"

ಕೊನೆಗೆ ಗಿರಣಿ ಬೀದಿಯ ನೀರುಗಂಟಿಗೇ ಫೋನ್ ಮಾಡುತ್ತಾರೆ. ಆತನ ದನಿ ಕೋಣೆಗೆಲ್ಲ ಕೇಳುತ್ತದೆ. "ಅಲ್ಲ ಅಕ್ಕಾ, ಆ ಕಾಲದಲ್ಲಿ ನೀವೇ ಗಡಿಯಾರ ಹಿಡ್ಕೊಂಡು ಇಲ್ಲಿ ನಿಂತಿದ್ರಲ್ಲ! ದಿಬ್ಬ ಹತ್ತೋಕೇ ನೀರಿಗೆ ಇಪ್ಪತ್ತು ನಿಮಿಷ ಬೇಕು. ಅದನ್ನ ಕಿತ್ರೆ ಮೇಲಿನ ಮನೆಗಳಿಗೆ ಹನಿ ನೀರಿಲ್ಲ."

ಪರ್ಲಕ್ಕ ಬಾಯಿ ಮೇಲೆ ಕೈಯಿಟ್ಟುಕೊಳ್ಳುತ್ತಾರೆ. ಆ ಇಪ್ಪತ್ತು ನಿಮಿಷವನ್ನು ಹೊಸದರಲ್ಲೂ ಸೇರಿಸಿ, ಅದರ ಮೇಲೆ ನಿಧಾನವಾಗಿ ವಿವರಣೆ ಬರೆಯುತ್ತಾರೆ: ನೀರು ದಿಬ್ಬ ಹತ್ತಬೇಕು, ಇದನ್ನು ಅಳಿಸಬೇಡಿ.

ಹಾಗಾದರೆ ಸಹಿ ಹಾಕುತ್ತೀರಾ ಎಂದು ಕೇಳುತ್ತೇನೆ.

"ಹಾಕ್ತೀನಿ. ಸರಿನೋ ತಪ್ಪೋ, ಈಗ್ಲೂ ಗೊತ್ತಿಲ್ಲ. ನಾಳೆ ಇದೂ ಹಳೇದಾಗುತ್ತೆ, ಇನ್ಯಾರೋ ಬಂದು ಬೈಕೊಂಡು ಓದ್ತಾರೆ. ಓದಿ ಬೈಲಿ ಬಿಡಿ. ಅರ್ಥ ಆದ್ರೆ ಸಾಕು."