ಅಳಿಸಿಹೋದ ಸರಿ ಉತ್ತರಗಳು

ದರ್ಜಿ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಲೆಕ್ಕದ ಟೀಚರ್ ಹತ್ತೊಂಬತ್ತು ವರ್ಷದಿಂದ ಮಕ್ಕಳನ್ನು ಕಾಲೇಜು ಪ್ರವೇಶ ಪರೀಕ್ಷೆಗೆ ತಯಾರು ಮಾಡುತ್ತಿದ್ದರು. ಅದೇ ಶೇಕಡಾವಾರು, ಅದೇ ತ್ರಿಕೋನ, ಎದುರುಬದುರಾಗಿ ಹೊರಟ ಅದೇ ಎರಡು ರೈಲು. ಅವು ಸಂಧಿಸುವ ಹೊತ್ತನ್ನು ಟೀಚರ್ ನಿದ್ದೆಗಣ್ಣಲ್ಲೂ ಹೇಳಬಲ್ಲರು. ಈಚೆಗೆ ಮಾತ್ರ ಮೆಟ್ಟಿಲು ಹತ್ತುವುದೇ ಮೊಣಕಾಲಿಗೆ ಬೇಡವಾಗಿತ್ತು.

ಆ ವರ್ಷ ಬೀಗ ರಿಪೇರಿ ಮಾಡುವವರ ಮಗಳು ಬಂದಳು. ತರಗತಿಯಲ್ಲಿ ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ. ಮಾದರಿ ಪರೀಕ್ಷೆಯಲ್ಲಿ ಮಾತ್ರ ನಾಲ್ಕು ಸಲವೂ ಐವತ್ತಕ್ಕೆ ಮೂವತ್ತೊಂದೋ ಮೂವತ್ತೆರಡೋ. ಟೀಚರ್ ಇನ್ನಷ್ಟು ಲೆಕ್ಕ ಕೊಟ್ಟರು. ಅಂಕ ಜಪ್ಪಯ್ಯ ಅಂದರೂ ಕದಲಲಿಲ್ಲ.

ಒಂದು ಮಧ್ಯಾಹ್ನ ಬೇಸತ್ತು, ಅವಳ ಹಳೆಯ ಉತ್ತರ ಪತ್ರಿಕೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಳಿಸಿದ ಪೆನ್ಸಿಲ್ ಗುರುತುಗಳು ಕಂಡವು. ಒಂದರಲ್ಲೇ ಒಂಬತ್ತು ಕಡೆ ಸರಿ ಉತ್ತರ ಅಳಿಸಿ ತಪ್ಪನ್ನು ಗುರುತಿಸಿದ್ದಳು.

"ಸರಿಯಾಗೇ ಇತ್ತಲ್ಲಮ್ಮ, ಯಾಕೆ ಅಳಿಸಿದೆ?"

ಹುಡುಗಿ ತಲೆ ತಗ್ಗಿಸಿದಳು. "ಬರೆದ ತಕ್ಷಣ ಅಪ್ಪ ಪಕ್ಕದಲ್ಲಿ ನಿಂತು 'ಖಂಡಿತಾನಾ? ಇನ್ನೊಂದ್ಸಲ ನೋಡು' ಅಂದ ಹಾಗಾಗುತ್ತೆ ಟೀಚರ್. ಹಾಲು ಉಕ್ಕಿತು ಅಂದ್ರೂ ಹಾಗೇ ಕೇಳ್ತಾರೆ."

ಟೀಚರಿಗೆ ನಗು ಬಂತು. ನಗಲು ತ್ರಾಣವಿರಲಿಲ್ಲ. ಹೊಸ ಲೆಕ್ಕ ಕೊಡುವುದನ್ನೇ ನಿಲ್ಲಿಸಿದರು.

"ಬದಲಿಸ್ಬೇಕು ಅನ್ನಿಸಿದ್ರೆ ಪಕ್ಕದಲ್ಲಿ ಕಾರಣ ಬರಿ. ಭಯ ಅನ್ನೋದು ಕಾರಣ ಅಲ್ಲ. ಬೇರೆ ಕಾರಣ ಸಿಗಲಿಲ್ವಾ, ಮುಟ್ಟಬೇಡ."

ಮೊದಲ ವಾರ ಅವಳು ಅತ್ತೇಬಿಟ್ಟಳು. ಮೂರನೆಯ ವಾರ ಮೂವತ್ತಾರು ಬಂತು, ಆಮೇಲೆ ಮೂವತ್ತೊಂಬತ್ತು. ನಿಜವಾದ ಪರೀಕ್ಷೆಯಲ್ಲಿ ನಲವತ್ತೊಂದು. ಆಸೆಪಟ್ಟ ಕಾಲೇಜಿಗೆ ಎರಡು ಅಂಕ ಸಾಲಲಿಲ್ಲ. ಇನ್ನೊಂದರಲ್ಲಿ ಸೀಟು ಸಿಕ್ಕಿತು.

ಮರುದಿನ ತಂದೆ ಮಗಳು ಇಬ್ಬರೂ ಮೇಲೆ ಬಂದರು.

"ಮುಂದಿನ ವರ್ಷ ಇನ್ನೊಂದ್ಸಲ ಬರೆಸೋದಾ ಟೀಚರ್?" ತಂದೆ ಕೇಳಿದರು.

"ಅವಳನ್ನೇ ಕೇಳಿ."

"ನಾನು ಸೀಟು ಸಿಕ್ಕಿರೋ ಕಾಲೇಜಿಗೇ ಸೇರ್ಕೊಳ್ತೀನಪ್ಪ," ಎಂದಳು ಮಗಳು.

ತಂದೆ ಬೆಂಚಿನ ಮೇಲೆ ಕೂತರು. "ಸರಿ ಉತ್ತರ ಅಳಿಸ್ತಿದ್ದದ್ದನ್ನ ಇವಳು ಹೇಳಿದ್ಲು. ನನ್ನ ಕಸುಬೇ ಅಂಥದ್ದು ಟೀಚರ್. ಹಾಕಿದ ಬೀಗಾನ ಎರಡು ಸಲ ಎಳೆದು ನೋಡದಿದ್ರೆ ಜೀವಕ್ಕೆ ಸಮಾಧಾನ ಇರಲ್ಲ. ಮಗೂಗೂ ಅದೇ ಅಂಟಿಸಿದೆ ಅನ್ಸುತ್ತೆ."

ಟೀಚರ್ ಅವರಿಗೆ ಕುಡಿಯಲು ನೀರು ಕೊಟ್ಟರು. ಅವರಿಬ್ಬರೂ ಇಳಿದುಹೋದ ಮೇಲೆ ಹೊಸ ತಂಡದ ಹನ್ನೊಂದು ಹೆಸರು ಬರೆದುಕೊಂಡು, ಮಕ್ಕಳು ಬರುವವರೆಗೆ ಕುರ್ಚಿಯಲ್ಲೇ ಕಣ್ಣು ಮುಚ್ಚಿದರು.