ಬೀಳ್ಕೊಡುಗೆಗೆ ಬರೆದ ಒಂದು ಪದ

ಬಸವೇಶ್ವರನಗರದ ಆ ಶಾಲೆಯಲ್ಲಿ ನಾನು ಹನ್ನೊಂದು ವರ್ಷ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಕಲಿಸಿದೆ. ನಮ್ಮ ಪ್ರಿನ್ಸಿಪಾಲರು ನಿವೃತ್ತರಾಗುವ ವರ್ಷ ಅವರಿಗೊಂದು ಅಭಿನಂದನಾ ಪುಸ್ತಕ ತರಬೇಕೆಂದು ತೀರ್ಮಾನವಾಯಿತು. ಮೊದಲ ಲೇಖನ ನನ್ನ ಪಾಲಿಗೆ ಬಂತು. ಸಂತೋಷದಿಂದಲೇ ಒಪ್ಪಿಕೊಂಡೆ. ನನ್ನ ತಾಯಿ ಆಸ್ಪತ್ರೆಯಲ್ಲಿದ್ದ ಮೂರು ವಾರ ನನ್ನ ಹತ್ತನೇ ತರಗತಿಯ ಪಾಠಗಳನ್ನು ಅವರೇ ತೆಗೆದುಕೊಂಡಿದ್ದರು. ಹೆರಿಗೆ ರಜೆ ಮುಗಿಸಿ ಬಂದ ಟೀಚರುಗಳಿಗೆ ಬೆಳಗಿನ ಮೊದಲ ಪೀರಿಯಡ್ ಹಾಕುತ್ತಿರಲಿಲ್ಲ. ಬರೆಯಲು ಇಷ್ಟು ಸಾಕಿತ್ತು.

ಅದೇ ದಿನಗಳಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, ಹೆಂಗಸರನ್ನು ಕಂಡರೆ ದ್ವೇಷಿಸುವುದಕ್ಕೆ ‘ಮಿಸಾಜಿನಿ’ ಅಂತಾರಲ್ಲ ಮಿಸ್, ಅದರ ಆಪೊಸಿಟ್ ಏನು ಎಂದು ಕೇಳಿದ್ದಳು. ನನಗೆ ಗೊತ್ತಿರಲಿಲ್ಲ. ಮನೆಗೆ ಹೋಗಿ ದಪ್ಪ ನಿಘಂಟು ತೆಗೆದೆ. ‘ಫಿಲಾಜಿನಿ’ ಎಂದಿತ್ತು. ಹೆಣ್ಣುಮಕ್ಕಳ ಬಗ್ಗೆ ಇರುವ ಅಕ್ಕರೆ, ಆದರ. ಬಳಕೆ ಅಪರೂಪ ಎಂದೂ ಪಕ್ಕದಲ್ಲಿ ಬರೆದಿತ್ತು. ಹೊಸ ಪದ ಸಿಕ್ಕ ಖುಷಿಯಲ್ಲಿ ಅದನ್ನು ಲೇಖನದ ಕೊನೆಯ ಪ್ಯಾರಾಕ್ಕೆ ಸೇರಿಸಿದೆ. ಈ ಶಾಲೆಯ ಪ್ರತಿ ಮಹಿಳೆಗೂ ಅವರ ಫಿಲಾಜಿನಿಯ ಅನುಭವವಾಗಿದೆ ಎಂದು ಬರೆದೆ.

ಕರಡು ಪ್ರತಿ ಸ್ಟಾಫ್ ರೂಮಿನಲ್ಲಿ ಕೈಯಿಂದ ಕೈಗೆ ಹೋಯಿತು. ಆ ಪದ ಯಾರಿಗೂ ತಿಳಿಯಲಿಲ್ಲ. ಯಾರೋ ಒಬ್ಬರು, ಹೆಂಗಸರ ಹುಚ್ಚು ಅಂತಿರಬೇಕು ಎಂದು ನಕ್ಕರಂತೆ. ಆ ಮಾತು ಆಫೀಸಿನವರೆಗೂ ಹೋಯಿತು.

ಮರುದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಅಡ್ಮಿಷನ್ ಕೌಂಟರಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳು ನನ್ನ ತರಗತಿಗೆ ಬಂದಳು. ಬ್ಯಾಡರಹಳ್ಳಿಯಿಂದ ಬರುತ್ತಿದ್ದಳು, ಮೂವತ್ತರ ಆಸುಪಾಸು. ದಿನವೂ ನಮಸ್ಕಾರ ಹೇಳುವುದರ ಆಚೆಗೆ ನಾವು ಹೆಚ್ಚು ಮಾತಾಡಿದವರಲ್ಲ. ಬಾಗಿಲು ಅರ್ಧ ಮುಂದೆ ಮಾಡಿ ನಿಂತಳು.

“ಮೇಡಂ, ನಿಮಗೆ ಹೇಗೆ ಗೊತ್ತಾಯ್ತು?”

ಏನು ಎಂದೆ.

“ಪ್ರಿನ್ಸಿಪಾಲ್ ಸಾರ್ ವಿಷಯ. ನೀವು ಬರ್ದಿದೀರಂತಲ್ಲ.”

ಅದು ಹೊಗಳಿಕೆಯ ಮಾತು ಎಂದು ಹೇಳಬೇಕಿತ್ತು, ಹೇಳಲಾಗಲಿಲ್ಲ. ಕೂರು ಎಂದೆ. ಅವಳು ಕೂರದೆಯೇ ಹೇಳಿದಳು. ಸಹಿ ಬೇಕಿರುವ ಫೈಲುಗಳನ್ನು ಅವಳೇ ತರಬೇಕೆಂದು ಕರೆಯುವುದು, ಬಾಗಿಲು ಹಾಕಿಸುವುದು, ಹೆಗಲ ಮೇಲೆ ಕೈ. ಭಾನುವಾರಗಳಲ್ಲಿ ಬರುವ ಮೆಸೇಜುಗಳು. ಒಂದೂವರೆ ವರ್ಷದಿಂದ. ಮೊಬೈಲು ತೆಗೆದು ನನ್ನ ಮುಂದೆ ಹಿಡಿದಳು. ನಾಲ್ಕು ಸಾಲು ಓದಿದ ಮೇಲೆ ನನ್ನಿಂದ ಮುಂದಕ್ಕೆ ಓದಲಾಗಲಿಲ್ಲ.

“ದೂರು ಸಮಿತಿ ಬೋರ್ಡಲ್ಲಿ ನಿಮ್ಮ ಹೆಸರೂ ಇದೆ ಅಲ್ವಾ ಮೇಡಂ?” ಎಂದಳು.

ಇತ್ತು. ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿಯ ಆ ಬೋರ್ಡು ಕಾರಿಡಾರಿನಲ್ಲಿ ತೂಗುಹಾಕಿ ನಾಲ್ಕು ವರ್ಷವಾಗಿತ್ತು. ಸಮಿತಿ ಒಮ್ಮೆಯೂ ಸೇರಿರಲಿಲ್ಲ.

ಲೇಖನವನ್ನು ತೆಗೆಸಬೇಕೆಂದು ನಾನು ಆ ಸಂಜೆಯೇ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಪದ ತಪ್ಪಾಗಿ ಅರ್ಥವಾಗುತ್ತಿದೆ ಎಂದಷ್ಟೇ ಹೇಳಿದೆ. ಕರಡು ಆಗಲೇ ಅವರ ಕೈ ಸೇರಿತ್ತು, ಮೊಬೈಲಿನಲ್ಲಿ ಆ ಪದದ ಅರ್ಥವನ್ನೂ ನೋಡಿಕೊಂಡಿದ್ದರು.

“ಎಷ್ಟು ಒಳ್ಳೆ ಪದ ಹುಡುಕಿದೀರಿ. ಇರ್ಲಿ ಬಿಡಿ,” ಎಂದು ನಕ್ಕರು.

ಅದೇ ನಗು. ತಾಯಿಯ ಆರೋಗ್ಯ ವಿಚಾರಿಸುವಾಗ ಇರುತ್ತಿದ್ದ ನಗು. ಸುಂಕದಕಟ್ಟೆಯ ಮನೆಗೆ ಬಸ್ಸಿನಲ್ಲಿ ನಿಂತು ಹೋಗುವಷ್ಟು ಹೊತ್ತೂ ನಾನು ಅವರ ಪರವಾಗಿ ಕಾರಣಗಳನ್ನು ಹುಡುಕುತ್ತಿದ್ದೆ. ಮೆಸೇಜುಗಳನ್ನು ನನ್ನ ಕಣ್ಣಾರೆ ಕಂಡಿದ್ದರೂ ಹುಡುಕುತ್ತಿದ್ದೆ. ಇದನ್ನು ಈಗ ಬರೆಯುವುದಕ್ಕೂ ನಾಚಿಕೆಯಾಗುತ್ತದೆ.

ಬೆಳಿಗ್ಗೆ ಅವಳೊಂದಿಗೆ ಕೂತು ದೂರು ಬರೆಸಿದೆ. ಮಾತುಗಳೆಲ್ಲ ಅವಳವೇ. ವಾಕ್ಯ ಸರಿಪಡಿಸಲು ನನ್ನ ಕೈ ಎರಡು ಸಲ ಮುಂದೆ ಹೋಯಿತು, ಎರಡು ಸಲವೂ ಹಿಂದೆ ತೆಗೆದುಕೊಂಡೆ.

ಹತ್ತು ದಿನದ ನಂತರ ಲೈಬ್ರರಿಯಲ್ಲಿ ಸಮಿತಿ ಸೇರಿತು. ಹಿರಿಯ ಗಣಿತ ಟೀಚರು, ಹೊರಗಿನಿಂದ ಬಂದ ಒಬ್ಬ ಮಹಿಳಾ ವಕೀಲರು, ಮತ್ತು ನಾನು. ಮೇಜಿನ ಆ ಕೊನೆಗೆ ಅವಳು, ಈ ಕೊನೆಗೆ ಪ್ರಿನ್ಸಿಪಾಲರು. ಅವರು ಸಮಾಧಾನವಾಗಿದ್ದರು. ತಮ್ಮ ಸರದಿ ಬಂದಾಗ ಕವರಿನಿಂದ ನನ್ನ ಲೇಖನದ ಕರಡನ್ನು ತೆಗೆದು ವಕೀಲರ ಮುಂದಿಟ್ಟರು. ಕೊನೆಯ ಪ್ಯಾರಾಕ್ಕೆ ಕೆಂಪು ಗೆರೆ ಎಳೆದಿದ್ದರು.

“ಈ ಮೇಡಂ ಅವರೇ ಬರ್ದಿರೋದು. ಪ್ರತಿ ಮಹಿಳೆಗೂ ಅಂತ ಬರ್ದಿದಾರೆ. ನೀವೇ ಓದಿ.”

ವಕೀಲರು ಓದಿ ನನ್ನತ್ತ ತಿರುಗಿದರು. ಇದು ನೀವು ಬರೆದದ್ದೇ ಎಂದು ಕೇಳಿದರು. ಅವಳು ನನ್ನನ್ನು ನೋಡುತ್ತಿರಲಿಲ್ಲ. ಮೇಜಿನ ಮೇಲಿಟ್ಟ ತನ್ನ ಕೈಗಳನ್ನೇ ನೋಡುತ್ತಿದ್ದಳು. ನಾನು ಕೈಬಿಡುತ್ತೇನೆ ಎಂದೇ ಅವಳು ತಿಳಿದಿದ್ದಳು ಅನ್ನಿಸಿತು.

“ನಾನೇ ಬರ್ದಿದ್ದು,” ಎಂದೆ. “ನನ್ನ ಜೊತೆ ಅವರು ಹೇಗಿದ್ರು ಅಂತ ಬರ್ದೆ. ಪ್ರತಿ ಮಹಿಳೆಗೂ ಅಂತ ಬರೆಯೋ ಮುಂಚೆ ನಾನು ಒಬ್ಬರನ್ನೂ ಕೇಳಿರ್ಲಿಲ್ಲ. ಅದು ನನ್ನ ತಪ್ಪು. ಅವಳ ಮೊಬೈಲ್‌ನಲ್ಲಿರೋದನ್ನ ಓದಿ ಮೇಡಂ.”

ಪ್ರಿನ್ಸಿಪಾಲರ ಮುಖದಲ್ಲಿ ನಗು ಆರಿದ್ದನ್ನು ನಾನು ಅಂದೇ ಮೊದಲ ಸಲ ಕಂಡದ್ದು. ನಾನು ಲೇಖನ ಬರೆದವಳಾದ್ದರಿಂದ ತೀರ್ಮಾನದಲ್ಲಿ ಕೂರಬಾರದೆಂದು ವಕೀಲರು ಹೇಳಿದರು. ಅದು ಸರಿಯಾಗಿಯೇ ಇತ್ತು. ನಾನು ಎದ್ದು ಹೊರಗೆ ಬಂದು, ಕಾರಿಡಾರಿನ ಬೆಂಚಿನ ಮೇಲೆ ಎರಡು ಪೀರಿಯಡ್ ಕೂತೆ.

ಮೆಸೇಜುಗಳಿದ್ದವು, ಅಲ್ಲಗಳೆಯಲಾಗಲಿಲ್ಲ. ಸಮಿತಿ ದೂರು ನಿಜವೆಂದಿತು. ನಿವೃತ್ತಿಗೆ ಉಳಿದಿದ್ದ ಏಳು ವಾರ ಶಾಲೆಗೆ ಬರಬೇಡಿ ಎಂದು ಆಡಳಿತ ಮಂಡಳಿ ಅವರಿಗೆ ಹೇಳಿತು. ಸಮಾರಂಭ ನಡೆಯಲಿಲ್ಲ, ಪುಸ್ತಕ ಅಚ್ಚಾಗಲಿಲ್ಲ. ಇಷ್ಟೇ ಶಿಕ್ಷೆಯೇ ಎಂದು ನನಗನ್ನಿಸಿತು. ಇಷ್ಟು ಶಿಕ್ಷೆ ಬೇಕಿತ್ತೇ ಎಂದವರೇ ಸ್ಟಾಫ್ ರೂಮಿನಲ್ಲಿ ಹೆಚ್ಚು. ನನ್ನ ಪಕ್ಕದ ಕುರ್ಚಿ ಬಹಳ ದಿನ ಖಾಲಿ ಇರುತ್ತಿತ್ತು.

ಹೊಸದಾಗಿ ಬಂದ ಪ್ರಿನ್ಸಿಪಾಲರು ಅವಳನ್ನು ಕರೆದು, ನಿಮಗೂ ಮುಜುಗರ ಬೇಡ, ಮೇಲಿನ ಮಹಡಿಯ ಸ್ಟೋರ್ ರೂಮಿನ ಕೆಲಸಕ್ಕೆ ಹಾಕುತ್ತೇನೆ ಎಂದರಂತೆ.

“ನಾನ್ಯಾಕೆ ಸಾರ್ ಜಾಗ ಬಿಡ್ಬೇಕು?” ಎಂದು ಕೇಳಿ ಬಂದೆ ಎಂದು ನನಗೆ ಹೇಳಿದಳು. ಅಷ್ಟರಲ್ಲಿ ಕೌಂಟರಿನ ಮುಂದೆ ಅರ್ಜಿ ಹಿಡಿದ ಅಪ್ಪ ಅಮ್ಮಂದಿರ ಸಾಲು ಬೆಳೆದಿತ್ತು. ಅವಳು ಕುರ್ಚಿ ಎಳೆದುಕೊಂಡು ಮೊದಲಿನವರಿಂದ ಮಗುವಿನ ಬರ್ತ್ ಸರ್ಟಿಫಿಕೇಟ್ ಕೇಳಿದಳು.