ಚಿಕ್ಕಮ್ಮನ ಪರಿಚಯ ಬರೆದದ್ದು

ನಮ್ಮ ಕನ್ನಡ ಸಂಘದ ಸಂಚಿಕೆಗೆ ಚಿಕ್ಕಮ್ಮನ ಪರಿಚಯ ಬರೆದುಕೊಡುತ್ತೇನೆಂದು ನಾನೇ ಮುಂದಾಗಿ ಹೇಳಿದ್ದೆ. ಆ ಬೇಸಿಗೆಯಲ್ಲಿ ಅವಳು ಇಂಗ್ಲೆಂಡಿನಿಂದ ಅಮೆರಿಕದ ಮಾನ್ಮತ್ ಜಂಕ್ಷನ್ ಊರಿನ ನಮ್ಮ ಮನೆಗೆ ಬಂದಿದ್ದಳು; ಸಂಘದವರು ಅವಳಿಗೆ ಸನ್ಮಾನ ಇಟ್ಟುಕೊಂಡಿದ್ದರು.

ಮೈಸೂರಿನಿಂದ ಮದುವೆಯಾಗಿ ಇಂಗ್ಲೆಂಡಿಗೆ ಹೋದವಳು ಅಲ್ಲಿನ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಹಬೆಯ ಬಿಸಿಗೆ ಹೆಂಗಸರು ತಲೆಸುತ್ತಿ ಬೀಳುತ್ತಿದ್ದರಂತೆ. ಎರಡು ಫ್ಯಾನ್ ಕೊಡಿ ಎಂದು ಮ್ಯಾನೇಜರ್ ಬಳಿ ಹೋದದ್ದೇ ಶುರು. ಯೂನಿಯನ್ ಪ್ರತಿನಿಧಿಯಾದಳು, ಶಾಖೆಯ ಕಾರ್ಯದರ್ಶಿಯಾದಳು, ಕೊನೆಗೆ ಇಡೀ ಪ್ರಾಂತ್ಯದ ಆಸ್ಪತ್ರೆ ಕೆಲಸಗಾರರ ಪರವಾಗಿ ಮಾತುಕತೆಗೆ ಕೂರುವ ನಾಯಕಿಯಾದಳು. ಲಾಂಡ್ರಿಯನ್ನು ಕಂಟ್ರಾಕ್ಟಿಗೆ ಕೊಡಬಾರದೆಂದು ಏಳು ವಾರ ಸ್ಟ್ರೈಕ್ ನಡೆಸಿ ಸೋತಳು. ಗೆದ್ದದ್ದಕ್ಕಿಂತ ಅದನ್ನೇ ಹೆಚ್ಚು ಹೇಳುತ್ತಿದ್ದಳು. ನಾನೂ ಅದನ್ನೇ ಹೆಚ್ಚು ಬರೆದೆ.

ಸಂಚಿಕೆಯ ಸಂಪಾದಕರು ಫೋನ್ ಮಾಡಿದರು. "ತುಂಬಾ ಚೆನ್ನಾಗಿದೆ ಮೇಡಂ. ಆದ್ರೆ ಈ ಸ್ಟ್ರೈಕು, ಯೂನಿಯನ್ನು ಎಲ್ಲಾ ಪೊಲಿಟಿಕಲ್ ಆಗತ್ತೆ. ಸ್ಪಾನ್ಸರ್ಸ್ ಓದ್ತಾರೆ. ಸಮಾಜ ಸೇವಕಿ ಅಂತ ಶಾರ್ಟಾಗಿ ಹಾಕೋಣ್ವಾ?"

ಆಫೀಸಿನ ಮೀಟಿಂಗ್ ಶುರುವಾಗುತ್ತಿತ್ತು. "ಸರಿ, ಹಾಕಿ" ಎಂದುಬಿಟ್ಟೆ.

ಸನ್ಮಾನದ ದಿನ ಶಾಲು ಹೊದಿಸಿಕೊಂಡು ವೇದಿಕೆಯಿಂದ ಕೆಳಗಿಳಿದು ಬಂದ ಚಿಕ್ಕಮ್ಮ ಸಂಚಿಕೆ ತೆರೆದು ನಾಲ್ಕೇ ಸಾಲಿನ ತನ್ನ ಪರಿಚಯ ಓದಿದಳು. ವಾಪಸ್ ಬರುವಾಗ ನಾನು ಕಾರು ಓಡಿಸುತ್ತಿದ್ದೆ. ರೂಟ್ ಒನ್ ಹೆದ್ದಾರಿಯ ಸಿಗ್ನಲ್ಲಿನಲ್ಲಿ ನಾನೇ ಬಾಯಿಬಿಟ್ಟೆ. "ಅವರೇ ಕಟ್ ಮಾಡಿದ್ದು ಚಿಕ್ಕಮ್ಮ."

"ನಿನ್ನ ಕೇಳಲಿಲ್ವಾ?"

"ಕೇಳಿದ್ರು."

"ನೀನು ನನ್ನ ಕೇಳಿದ್ಯಾ?"

ಸಿಗ್ನಲ್ ಹಸಿರಾಯಿತು. ಕಾರು ಮುಂದಕ್ಕೆ ತೆಗೆದೆ.

"ಮಾತುಕತೇಲಿ ಮ್ಯಾನೇಜ್‌ಮೆಂಟಿನವರು ಎಷ್ಟು ನೈಸಾಗಿ ಮಾತಾಡಿದ್ರೂ, ಮೆಂಬರ್ಸ್‌ನ ಕೇಳ್ಕೊಂಡು ಬರ್ತೀನಿ ಅಂತ ಎದ್ದು ಬರ್ತಿದ್ದೆ ಕಣೇ. ಸೋತಾಗ್ಲೂ ಅವರನ್ನ ಕೇಳೇ ವಾಪಸ್ ಕೆಲಸಕ್ಕೆ ಹೋಗಿದ್ದು. ನೀನು ಫೋನಲ್ಲೇ ನನ್ನ ಬಿಟ್ಟುಕೊಟ್ಟೆ."

ಸೋಮವಾರವೇ ಸಂಪಾದಕರಿಗೆ ಫೋನ್ ಮಾಡಿದೆ. ವೆಬ್‌ಸೈಟಿನಲ್ಲಿ ಪೂರ್ತಿ ಹಾಕೋಣ ಎಂದರು. ಮೂರು ಸಲ ಇಮೇಲ್ ಮಾಡಿದೆ. ಅಷ್ಟರಲ್ಲಿ ಕಮಿಟಿ ಬದಲಾಯಿತು. ಹೊಸಬರು ಲೇಖನವನ್ನು ಮತ್ತೆ ಕಳಿಸಿ ಎಂದರು. ಕಳಿಸಿದೆ. ಏನೂ ಆಗಲಿಲ್ಲ.

ಇಂಗ್ಲೆಂಡಿಗೆ ಮರಳಿದ ಚಿಕ್ಕಮ್ಮ ವಿಡಿಯೋ ಕಾಲಿನಲ್ಲಿ ವಿಚಾರಿಸಿದಳು. ಇನ್ನೂ ಹಾಕಿಲ್ಲ ಎಂದೆ.

"ನಿನ್ನ ಜೊತೆ ಇನ್ಯಾರು ಕೇಳ್ತಿದಾರೆ?"

"ಯಾರೂ ಇಲ್ಲ. ನಾನೊಬ್ಬಳೇ."

"ಒಬ್ಬಳೇ ಕೇಳಿದ್ರೆ ಯಾರು ಕೊಡ್ತಾರೆ?"

ಎರಡು ಪುಟದ ಲೇಖನಕ್ಕೆ ಯಾರನ್ನು ಸೇರಿಸಲಿ? ಕಮಿಟಿಯವರ ಮೇಲಿದ್ದ ಸಿಟ್ಟೆಲ್ಲ ಅವಳ ಮೇಲೇ ತಿರುಗಿತು. ಒಲೆಯ ಮೇಲೆ ಹಾಲಿದೆ ಎಂದು ಸುಳ್ಳು ಹೇಳಿ ಕಾಲ್ ಕಟ್ ಮಾಡಿದೆ.